ಓದುಗರ ಪ್ರಶ್ನೆ: ಹುಮ್ಮಸ್ಸು ಮೂರನೇ ದಿನಕ್ಕೇ ಯಾಕೆ ಇಳಿಯುತ್ತೆ?

ಈ ಸಲ ಬಂದ ಪತ್ರಗಳ ದೂರು ಹೆಚ್ಚುಕಮ್ಮಿ ಒಂದೇ. ಶುರು ಮಾಡುತ್ತೇವೆ, ನಡುವೆ ಕೈಬಿಡುತ್ತೇವೆ. 'ನಿಮ್ಮ ಮೌಲ್ಯಗಳನ್ನು ಅರಿತುಕೊಳ್ಳಿ' ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ 'ಮೌಲ್ಯ' ಎಂಬ ಮಾತೇ ಒಂದು ತೊಡಕು. ಕೇಳಿದೊಡನೆ ನೀತಿಪಾಠ ನೆನಪಾಗುತ್ತದೆ, ಇಲ್ಲವೇ ಉತ್ತರಪತ್ರಿಕೆಯ ಮೌಲ್ಯಮಾಪನ. ಇವೆರಡನ್ನೂ ಸದ್ಯಕ್ಕೆ ಮರೆತುಬಿಡಿ. ಯಾರೂ ಅಂಕ ಕೊಡದಿದ್ದರೂ ನೀವು ಹೇಗೆ ಬದುಕಲು ಇಷ್ಟಪಡುತ್ತೀರೋ ಅದನ್ನು ಇಲ್ಲಿ ಮೌಲ್ಯ ಎನ್ನುತ್ತಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಧಾರವಾಡದಾಗ ರೂಮ್ ಮಾಡಿಕೊಂಡು ಕೆಎಎಸ್, ಎಫ್‌ಡಿಎ ಎರಡಕ್ಕೂ ಓದಾಕತ್ತೀನಿ. ವಯಸ್ಸು 27. ಎರಡು ಸಲ ಆಗಲಿಲ್ಲ. ಯೂಟ್ಯೂಬಿನಾಗ ಸ್ಫೂರ್ತಿ ಭಾಷಣ ಕೇಳಿದ ದಿನ ಹತ್ತು ತಾಸು ಓದತೀನಿ. ಮೂರನೇ ದಿನಕ್ಕ ಪುಸ್ತಕ ಮುಟ್ಟಾಕೂ ಮನಸ್ಸಾಗೂದಿಲ್ಲ. ಮೌಲ್ಯ ತಿಳಕೋ ಅಂತಾರ. ನನ್ನ ಮೌಲ್ಯ ಕೆಎಎಸ್ ಪಾಸಾಗೂದು. ಇನ್ನೇನು ತಿಳಕೊಳ್ಳೂದೈತಿ?
– ಧಾರವಾಡ

ಉತ್ತರ: ಕೆಎಎಸ್ ಪಾಸಾಗುವುದು ಗುರಿ. ಒಂದು ದಿನ ಅದು ಮುಗಿಯುತ್ತದೆ, ಪಟ್ಟಿಯಲ್ಲಿ ಅದರ ಮುಂದೆ ಗೆರೆ ಎಳೆಯಬಹುದು. ಮೌಲ್ಯ ಮುಗಿಯುವ ವಸ್ತುವಲ್ಲ. ಧಾರವಾಡದಿಂದ ಹೊರಟವರು ಬೆಳಗಾವಿ ಮುಟ್ಟಬಹುದು. ಉತ್ತರ ದಿಕ್ಕನ್ನು ಮುಟ್ಟಿದೆ ಎಂದು ಯಾರೂ ಹೇಳಲಾರರು. 'ಏನು ಸಿಗಬೇಕು?' ಎಂಬ ಪ್ರಶ್ನೆಗೆ ಬರುವ ಉತ್ತರ ಗುರಿ. 'ಹೇಗೆ?' ಎಂಬುದಕ್ಕೆ ಬರುವ ಉತ್ತರ ಮೌಲ್ಯ: ಅಚ್ಚುಕಟ್ಟಾಗಿ, ನಿಯತ್ತಾಗಿ, ಯಾರ ಹಂಗೂ ಇಲ್ಲದೆ, ನಾಲ್ಕು ಜನಕ್ಕೆ ಆಗುವ ಹಾಗೆ, ಗೊತ್ತಿಲ್ಲದ್ದನ್ನು ಕೆದಕುತ್ತ. ಗುರಿ–ಮೌಲ್ಯಗಳ ಈ ಭೇದವನ್ನು ಚಿಕಿತ್ಸೆಯ ಮಧ್ಯಕ್ಕೆ ತಂದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮುಖ್ಯರು.

ಭೇದ ತಿಳಿದು ಆಗಬೇಕಾದ್ದೇನು? ನಿಮ್ಮ ಗುರಿ ಒಂದೆರಡು ವರ್ಷ ಆಚೆಗಿದೆ. ಅಧಿಸೂಚನೆ ಎಂದು, ಫಲಿತಾಂಶ ಎಂದು, ಯಾವುದೂ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಇವತ್ತು ಎಷ್ಟು ಓದಿದರೂ ರಾತ್ರಿ ಮಲಗುವಾಗ ಲೆಕ್ಕ ಒಂದೇ: 'ಇನ್ನೂ ಪಾಸಾಗಿಲ್ಲ.' ದಿನಾ ಸೋಲುವ ಆಟವನ್ನು ಮನಸ್ಸು ಎಷ್ಟು ದಿನ ಆಡೀತು? ಭಾಷಣ ಕೇಳಿದ ದಿನ ಕಲ್ಪನೆಯಲ್ಲೇ ಪಾಸಾಗಿರುತ್ತೀರಿ. ಆ ಅಮಲು ಇಳಿಯಲು ಎರಡು ದಿನ ಸಾಕು. ಮೌಲ್ಯವನ್ನಾದರೆ ಇವತ್ತೇ, ಈ ಅರ್ಧ ಗಂಟೆಯಲ್ಲೇ ಬದುಕಬಹುದು. ಅದರ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ಹುಡುಕುವುದು ಹೀಗೆ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 2001ರಲ್ಲಿ ಮೌಲ್ಯಗಳನ್ನು ಬರೆದ 83 ಕಾರ್ಡುಗಳ ಒಂದು ಕಟ್ಟು ಮಾಡಿದ್ದರು. ರೂಮಿನಲ್ಲಿ ಅಷ್ಟು ಬೇಡ, 40 ಚೀಟಿ ಸಾಕು. ನೋಟ್‌ಬುಕ್ಕಿನ ಹಾಳೆಯನ್ನು ಎಂಟು ತುಂಡು ಮಾಡಿದರೆ ಐದು ಹಾಳೆಗೆ ಮುಗಿಯಿತು. ಒಂದೊಂದರಲ್ಲಿ ಒಂದೊಂದು: ಅಚ್ಚುಕಟ್ಟು, ಮಾತಿಗೆ ತಪ್ಪದಿರುವುದು, ಹಂಗಿಲ್ಲದ ಬದುಕು, ಕುತೂಹಲ, ಕಕ್ಕುಲಾತಿ, ನ್ಯಾಯ, ಹೆಸರು, ಅಧಿಕಾರ, ಭದ್ರತೆ, ಭಕ್ತಿ, ನಗು, ಸಾಹಸ, ಸರಳತೆ, ಗೆಳೆತನ, ಹೊಸದು ಕಟ್ಟುವುದು, ಕೈಕೆಲಸದ ನೈಪುಣ್ಯ, ಮಣ್ಣಿನ ನಂಟು, ಮನೆತನದ ಮರ್ಯಾದೆ, ಕಲಿಸುವುದು, ಏಕಾಂತ... ಹೀಗೆ 35 ಬರೆದು ಐದು ಖಾಲಿ ಇಡಿ. ಆಡುವಾಗ ಹೊಳೆದದ್ದನ್ನು ಅದರಲ್ಲಿ ಬರೆಯಬಹುದು. 'ಅಧಿಕಾರ', 'ಹೆಸರು' ಎಂಬ ಚೀಟಿಗಳನ್ನು ನಾಚಿಕೆಗೆ ಬಿಡಬೇಡಿ. ಕೆಎಎಸ್ ಓದುವ ಬಹಳ ಜನರ ಒಳಗೆ ಅವು ಇರುತ್ತವೆ. ಒಪ್ಪಿಕೊಂಡರೆ ಕೆಲಸಕ್ಕೆ ಬರುತ್ತವೆ, ಮುಚ್ಚಿಟ್ಟರೆ 'ಜನಸೇವೆ' ಎಂಬ ವೇಷದಲ್ಲಿ ತಿರುಗುತ್ತವೆ.

ಈಗ ಮೂರು ಗುಡ್ಡೆ: ತುಂಬಾ ಮುಖ್ಯ, ಮುಖ್ಯ, ನನಗೆ ಅಷ್ಟೇನಿಲ್ಲ. ಒಂದು ಚೀಟಿಗೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ. ಮೊದಲ ಗುಡ್ಡೆಯಲ್ಲಿ ಹತ್ತಕ್ಕಿಂತ ಹೆಚ್ಚು ಉಳಿಯಬಾರದು. ಆ ಹತ್ತರಲ್ಲಿ ಐದನ್ನು ಆರಿಸಿ. ಐದನ್ನು ಎರಡೆರಡಾಗಿ ಎದುರು ಇಟ್ಟು ಕೇಳಿ: 'ಬರುವ ಒಂದು ವರ್ಷ ಇವೆರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ಯಾವುದು?' ಐದು ಚೀಟಿಗೆ ಹತ್ತು ಜೋಡಿ ಆಗುತ್ತವೆ. ಹತ್ತು ಚೀಟಿಗೇ ಇದನ್ನು ಮಾಡಹೊರಟರೆ 45 ಜೋಡಿ. ಅರ್ಧದಲ್ಲಿ ತಲೆ ಕೆಟ್ಟು ಏನೋ ಒಂದು ಎತ್ತಿಡುತ್ತೀರಿ. ಹೆಚ್ಚು ಸಲ ಗೆದ್ದ ಮೂರನ್ನು ತೆಗೆದುಕೊಳ್ಳಿ. ಪ್ರತಿಯೊಂದರ ಹಿಂದೆ ಎರಡು ಸಾಲು ಬರೆಯಿರಿ: ಕಳೆದ ತಿಂಗಳು ಇದರಂತೆ ನಡೆದ ಒಂದು ಸಂದರ್ಭ, ಇದಕ್ಕೆ ತಪ್ಪಿ ಒಳಗೆ ಚುರುಕ್ ಎಂದ ಒಂದು ಸಂದರ್ಭ. ಎರಡೂ ನೆನಪಾಗದಿದ್ದರೆ ಆ ಚೀಟಿ ಕಿವಿಗೆ ಚೆಂದ ಕೇಳಿದ್ದಕ್ಕೆ ಬಂದದ್ದು. ಎರಡನೇ ಗುಡ್ಡೆಗೆ ಹಾಕಿ.

ಎಲ್ಲಿ ಕೆಡುತ್ತದೆ? ಮೂರನೇ ಗುಡ್ಡೆ ಖಾಲಿ ಉಳಿಯುವುದು ಎಲ್ಲಕ್ಕಿಂತ ಸಾಮಾನ್ಯ. 'ಭಕ್ತಿ'ಯನ್ನೋ 'ಮನೆತನದ ಮರ್ಯಾದೆ'ಯನ್ನೋ ಅಲ್ಲಿಡಲು ಕೈ ಬರುವುದಿಲ್ಲ. ಅದಕ್ಕೇ ರೂಮ್‌ಮೇಟ್ ಇಲ್ಲದಾಗ ಒಬ್ಬರೇ ಕೂತು ಆಡಿ, ಯಾರಿಗೂ ತೋರಿಸಬೇಡಿ. ಫಲಿತಾಂಶ ಬಂದ ಮರುದಿನವಂತೂ ಬೇಡ. ಸೋತ ದಿನ ಎಲ್ಲರ ಚೀಟಿಯೂ 'ಭದ್ರತೆ'ಯೇ. ಒಂದು ವಾರ ಬಿಟ್ಟು ಇನ್ನೊಮ್ಮೆ ಆಡಿ, ಎರಡೂ ಸಲ ಬಂದದ್ದನ್ನಷ್ಟೇ ನಂಬಿ.

ಬಂದದ್ದನ್ನು ಓದಿಗೆ ಕಟ್ಟುವುದು ಮುಂದಿನ ಕೆಲಸ. 'ಕಲಿಸುವುದು' ಬಂದಿದ್ದರೆ ಭಾನುವಾರ ಒಂದು ತಾಸು ಜೂನಿಯರ್ ಒಬ್ಬರಿಗೆ ಆ ವಾರದ ಒಂದು ವಿಷಯ ವಿವರಿಸಿ. ಪುನರಾವರ್ತನೆಯೂ ಆಯಿತು, ಆ ದಿನ ಸೋಲಿನ ದಿನವೂ ಆಗಲಿಲ್ಲ. 'ಕುತೂಹಲ' ಬಂದಿದ್ದರೆ ಪಿಡಿಎಫ್ ತೆರೆಯುವ ಮೊದಲು ಒಂದು ಪ್ರಶ್ನೆ ಬರೆದಿಟ್ಟುಕೊಂಡು ಅದರ ಉತ್ತರ ಹುಡುಕುವಂತೆ ಓದಿ. 'ಹಂಗಿಲ್ಲದ ಬದುಕು' ಬಂದಿದ್ದರೆ, 27ರಲ್ಲಿ ಅಪ್ಪ ಕಳಿಸುವ ದುಡ್ಡೇ ದಿನಾ ಚುಚ್ಚುತ್ತಿರಬಹುದು. ದಿನಕ್ಕೆ ಮೂರು ತಾಸಿನ ಟ್ಯೂಷನ್ ಕೆಲಸ ಹಿಡಿದರೆ ಓದುವ ಸಮಯ ಕಡಿಮೆಯಾಗಿಯೂ ಓದು ಹೆಚ್ಚಬಹುದು. ಹತ್ತು ತಾಸಿನ ದಿನವನ್ನಂತೂ ಮೊದಲು ನಿಲ್ಲಿಸಿ, ಮೂರನೇ ದಿನದ ಸುಸ್ತು ಅದರ ಸಾಲದ ಕಂತು. 50 ನಿಮಿಷದ ನಾಲ್ಕು ಸುತ್ತು, ವಾರದಲ್ಲಿ ಆರು ದಿನ, ಎರಡು ವಾರ ಅದನ್ನೇ ಹಿಡಿದು ನೋಡಿ. ಮೂರು ಚೀಟಿಗೂ ಸರ್ಕಾರಿ ನೌಕರಿಗೂ ಏನೇನೂ ಸಂಬಂಧವಿಲ್ಲ ಎಂದು ಕಂಡರೆ? ಅದನ್ನೂ ಕಡೆಗಣಿಸಬೇಡಿ. ಇನ್ನು ಎಷ್ಟು ಪ್ರಯತ್ನ, ಯಾವ ತಾರೀಖಿನವರೆಗೆ ಎಂದು ಈಗಲೇ ಬರೆದಿಡಿ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ಸಂಬಳಕ್ಕೆ ಕೊರತೆ ಇಲ್ಲ, ಆದರೆ ಸೋಮವಾರ ಎಂದರೆ ಎದೆ ಭಾರ. ಮೌಲ್ಯಗಳ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ: ಪ್ರಾಮಾಣಿಕತೆ, ಕುಟುಂಬ, ಆರೋಗ್ಯ. ಆರು ತಿಂಗಳಾಯಿತು, ಏನೂ ಬದಲಾಗಲಿಲ್ಲ.
– ಬೆಂಗಳೂರು

ಉತ್ತರ: ಆ ಮೂರು ಪದ ಪಕ್ಕದ ಮನೆಯ ಫ್ರಿಜ್‌ಗೂ ಒಪ್ಪುತ್ತವೆ, ತೊಂದರೆ ಅಲ್ಲೇ ಇದೆ. 'ಕುಟುಂಬ', 'ಆರೋಗ್ಯ' ಇವು ಹೊಲದ ಹೆಸರು. ಅದರಲ್ಲಿ ಏನು ಬೆಳೆಯುತ್ತೀರಿ ಎಂದು ನೀವು ಹೇಳೇ ಇಲ್ಲ. ಮಗಳ ಜೊತೆ ಆಟವೋ, ಅಮ್ಮನ ಮಾತನ್ನು ತಾಳ್ಮೆಯಿಂದ ಕೇಳುವುದೋ, ಹೆಂಡತಿಯ ಜೊತೆ ಮನೆಗೆಲಸದಲ್ಲಿ ಸಮಪಾಲೋ? ಎಲ್ಲವೂ 'ಕುಟುಂಬ'ವೇ, ಆದರೆ ಬೆಳೆ ಬೇರೆ ಬೇರೆ.

ಹೇಯ್ಸ್ ಅವರ ಜೊತೆಗಾರ ಕೆಲ್ಲಿ ವಿಲ್ಸನ್ ಒಂದು ಸರಳ ಪ್ರಶ್ನಾವಳಿ ಮಾಡಿದ್ದಾರೆ. ಬದುಕಿನ ಹತ್ತು ಹೊಲಗಳು: ತವರು–ಬಂಧುಬಳಗ, ದಾಂಪತ್ಯ, ಮಕ್ಕಳು, ಗೆಳೆಯರು, ಕೆಲಸ, ಕಲಿಕೆ, ವಿರಾಮ, ಅಧ್ಯಾತ್ಮ, ಊರು–ಸಮಾಜ, ದೇಹ. ಪ್ರತಿಯೊಂದಕ್ಕೂ ಎರಡು ಅಂಕ, 1ರಿಂದ 10ರವರೆಗೆ. ಮೊದಲನೆಯದು ಅದು ನಿಮಗೆಷ್ಟು ಮುಖ್ಯ. ಎರಡನೆಯದು ಕಳೆದ ಏಳು ದಿನ ನೀವು ಎಷ್ಟರಮಟ್ಟಿಗೆ ಹಾಗೆ ನಡೆದಿರಿ. 'ಸಾಮಾನ್ಯವಾಗಿ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಸಾಮಾನ್ಯವಾಗಿ ನಾವೆಲ್ಲ ಒಳ್ಳೆಯ ಅಪ್ಪಂದಿರೇ! 'ಮಕ್ಕಳು' 10ಕ್ಕೆ 3, 'ಕೆಲಸ' 6ಕ್ಕೆ 9 ಎಂದು ಬಂದರೆ ಮೊದಲನೆಯದರಲ್ಲಿ ಏಳರ ಅಂತರವಿದೆ, ಎರಡನೆಯದರಲ್ಲಿ ನಿಮಗೆ ಬೇಕಾದದ್ದಕ್ಕಿಂತ ಹೆಚ್ಚು ಸುರಿಯುತ್ತಿದ್ದೀರಿ. ಸೋಮವಾರದ ಭಾರಕ್ಕೆ ಕಾರಣ ಕೆಲಸವೇ ಆಗಬೇಕಿಲ್ಲ, ಭಾನುವಾರ ಕೈತಪ್ಪಿದ್ದೂ ಇರಬಹುದು. ಮುಖ್ಯತೆ 8ಕ್ಕಿಂತ ಮೇಲಿರುವವುಗಳಲ್ಲಿ ಅಂತರ ಹೆಚ್ಚಿರುವ ಒಂದೇ ಒಂದನ್ನು ಹಿಡಿಯಿರಿ. ಹತ್ತನ್ನೂ ಒಟ್ಟಿಗೆ ಸರಿಮಾಡಲು ಹೊರಟವರು ಮುಂದಿನ ಶನಿವಾರಕ್ಕೆ ಮತ್ತೆ ಫ್ರಿಜ್ ಮುಂದೆ ನಿಂತಿರುತ್ತಾರೆ.

ಅಂಕದಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳಬಹುದು, ಆದ್ದರಿಂದ ಸಾಕ್ಷಿ ಬೇಕು. ನಿಮ್ಮ ಯುಪಿಐ ಆ್ಯಪ್‌ನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಬಾಡಿಗೆ, ಇಎಂಐ, ದಿನಸಿ, ಕರೆಂಟ್ ಬಿಲ್ ತೆಗೆಯಿರಿ. ಅವು ಆಯ್ಕೆಯ ಖರ್ಚಲ್ಲ. ಉಳಿದದ್ದನ್ನು ಮೇಲಿನ ಹತ್ತು ಹೊಲಗಳಿಗೆ ಹಂಚಿ. ಪಕ್ಕದಲ್ಲಿ ಫೋನಿನ ಸ್ಕ್ರೀನ್ ಟೈಮ್ ಲೆಕ್ಕ ಇಡಿ. 'ಆರೋಗ್ಯ' ಎಂದವರ ಖಾತೆಯಲ್ಲಿ ರಾತ್ರಿ ಹನ್ನೊಂದರ ಊಟದ ಆರ್ಡರ್ ಎಷ್ಟು ಸಲ? ಇದು ನಿಮ್ಮನ್ನು ತಪ್ಪಿತಸ್ಥರನ್ನಾಗಿಸಲಿಕ್ಕಲ್ಲ. ಕೆಲವೊಮ್ಮೆ ಖರ್ಚೇ ನಿಜ ಹೇಳುತ್ತದೆ: ಪುಸ್ತಕಕ್ಕೋ, ಚಾರಣಕ್ಕೋ, ತಂಗಿಯ ಓದಿಗೋ ಲೆಕ್ಕವಿಡದೆ ಕೊಟ್ಟಿರುತ್ತೀರಿ. ಅದು ಪಟ್ಟಿಯಲ್ಲಿ ಬಂದೇ ಇರುವುದಿಲ್ಲ.

ಇನ್ನೂ ಒಂದು ಸುಳಿವು ಹೊಟ್ಟೆಕಿಚ್ಚು. ಯಾರ ಸುದ್ದಿ ಕೇಳಿದಾಗ ಒಳಗೆ ಸಣ್ಣ ಉರಿ? ಅಮೆರಿಕಕ್ಕೆ ಹೋದ ಸಹೋದ್ಯೋಗಿಯ ಬಗ್ಗೆ ಏನೂ ಅನ್ನಿಸದೆ, ಊರಲ್ಲಿ ತೋಟ ಮಾಡಿಕೊಂಡ ಹಳೇ ಗೆಳೆಯನ ಫೋಟೊ ನೋಡಿ ಉರಿದರೆ, ಆ ಉರಿ ಚೀಟಿಗಳಿಗಿಂತ ಪ್ರಾಮಾಣಿಕ. ಹಾಗೆಂದು ನಾಳೆಯೇ ರಾಜೀನಾಮೆ ಬೇಡ. ತೋಟದಲ್ಲಿ ನಿಮ್ಮನ್ನು ಸೆಳೆದದ್ದು ಮಣ್ಣೋ, ಬಾಸ್ ಇಲ್ಲದಿರುವುದೋ, ಕೈಯಿಂದ ಏನೋ ಆಗುವುದೋ? ಉತ್ತರ ನೋಡಿಕೊಂಡು ಆಮೇಲೆ ಮಾತಾಡೋಣ. ಭಾನುವಾರ ಸಂಜೆ ಟೈಪ್ ಮಾಡಿದ ರಾಜೀನಾಮೆಯನ್ನು ಬುಧವಾರ ಮಧ್ಯಾಹ್ನ ಒಮ್ಮೆ ಓದುವುದು ಒಳ್ಳೆಯದು.

ಕೊನೆಗೆ ಫ್ರಿಜ್ ಚೀಟಿಯನ್ನು ತೆಗೆದು ಹೊಸದನ್ನು ಅಂಟಿಸಿ. ಅದರಲ್ಲಿ ಗಂಟೆ ಇರಲಿ, ಜಾಗ ಇರಲಿ: 'ರಾತ್ರಿ 8.30ರಿಂದ 9, ಫೋನ್ ಚಪ್ಪಲಿ ಸ್ಟ್ಯಾಂಡ್ ಮೇಲೆ, ಮಗಳು ಹೇಳಿದ್ದನ್ನು ಪೂರ್ತಿ ಕೇಳುವುದು.'

ಪ್ರಶ್ನೆ: 'ಕಾಯಕವೇ ಕೈಲಾಸ' ಎಂದು ನಮ್ಮ ಶರಣರು ಹೇಳಿದ ಮೇಲೆ ಈ ಅಮೆರಿಕದ ಪ್ರಶ್ನಾವಳಿಗಳೆಲ್ಲ ಯಾಕೆ ಬೇಕು?
– ಬಸವಕಲ್ಯಾಣ

ಉತ್ತರ: ಬೇಡವೆನಿಸಿದರೆ ಬಿಡಬಹುದು, ವಿಚಾರ ಒಂದೇ. 12ನೇ ಶತಮಾನದ ಶರಣರು ಕೆಲಸವನ್ನು ಅದರಿಂದ ಬರುವ ಫಲದಿಂದ ಅಳೆಯದೆ, ಮಾಡುವ ರೀತಿಯಿಂದ ಅಳೆದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಮೌಲ್ಯ ಎನ್ನುವುದು ಮುಂದಕ್ಕೆ ತಳ್ಳುತ್ತದೆ, 'ಸಾಕು' ಎಂದೂ ಹೇಳುತ್ತದೆ. ಎರಡನೆಯದನ್ನು ಪ್ರಶ್ನಾವಳಿಗಳು ಮರೆಯುವುದುಂಟು. ಆದರೆ ಒಂದು ಎಚ್ಚರ: ಸಂಬಳವಿಲ್ಲದೆ ಹೆಚ್ಚು ಹೊತ್ತು ದುಡಿಸಿಕೊಳ್ಳುವವರು ಗೋಡೆಗೆ ತೂಗುಹಾಕುವುದೂ ಇದೇ ಮಾತನ್ನು. ಕಾಯಕದ ಜೊತೆಗೆ ದಾಸೋಹವೂ ಇತ್ತು, ದುಡಿಮೆಯ ಗೌರವವೂ ಇತ್ತು ಎಂಬುದನ್ನು ಅಂಥವರಿಗೆ ನೆನಪಿಸಿ.

ಪ್ರಶ್ನೆ: ಮದುವೆಗೆ ಮುಂಚೆ ಟೈಲರಿಂಗ್ ಕಲಿತಿದ್ದೆ. ಈಗ ಮಕ್ಕಳು ಶಾಲೆಗೆ ಹೋಗ್ತಾರೆ, ಮತ್ತೆ ಶುರು ಮಾಡೋ ಆಸೆ. ಮೆಷಿನ್ ಮುಂದೆ ಕೂತರೆ ಮನೆಕೆಲಸ ಬಿಟ್ಟು ಕೂತಿದೀನಿ ಅಂತ ಅಳುಕು. ಅತ್ತೆಯವರು ಬಾಯಿಬಿಟ್ಟು ಏನೂ ಅನ್ನಲ್ಲ. ಆದರೂ ಎದ್ದುಬಿಡ್ತೀನಿ. ಹುರುಪೇ ಹೋಗಿದೆ.
– ಸಾಗರ

ಉತ್ತರ: ನಿಮ್ಮಲ್ಲಿ ಹುರುಪಿಗೆ ಕೊರತೆಯಿಲ್ಲ, ಎರಡು ಮೌಲ್ಯಗಳು ಒಂದೇ ಹಗ್ಗವನ್ನು ಆ ಕಡೆ ಈ ಕಡೆ ಎಳೆಯುತ್ತಿವೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ 20 ದೇಶಗಳ ಮಾಹಿತಿ ಇಟ್ಟುಕೊಂಡು ಹತ್ತು ಮೂಲ ಮೌಲ್ಯಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ಅಕ್ಕಪಕ್ಕದವು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಜಗಳವಾಡುತ್ತವೆ. 'ನನ್ನ ನಿರ್ಧಾರ ನನ್ನದು' ಎಂಬುದಕ್ಕೆ ಎದುರಾಗಿ 'ಕಟ್ಟುಪಾಡು, ಸಂಪ್ರದಾಯ, ಭದ್ರತೆ' ಕೂತಿವೆ. ಒಬ್ಬರ ಮನಸ್ಸಿನಲ್ಲಿ ಎರಡೂ ಇರುವುದು ಸಹಜ, ನಿಮ್ಮ ಸ್ವಭಾವದ ಕುಂದಲ್ಲ.

ಮೊದಲು ಆ ಅಳುಕು ಯಾವ ಜಾತಿಯದು ನೋಡಿ. ಅತ್ತೆಯವರು ಮಗಳ ಮನೆಗೆ ಹೋದ ವಾರವೂ ಇರುತ್ತದೆಯೇ? ಆಗ ಅಳುಕು ಹೋಗಿಬಿಟ್ಟರೆ ಅದು ಕಣ್ಣಿಗೆ ಬೀಳುವ ಭಯ. ಅದಕ್ಕೆ ಮದ್ದು ಮಾತುಕತೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ಉಳಿದರೆ ಮನೆಯವರ ಮೇಲಿನ ನಿಮ್ಮದೇ ಕಾಳಜಿ. ಅದಕ್ಕೆ ಸಮಯದ ಹಂಚಿಕೆಯೇ ಮದ್ದು.

ಹೇಗಿದ್ದರೂ 'ಬಿಡುವಾದಾಗ ಹೊಲೀತೀನಿ' ಎನ್ನಬೇಡಿ, ಮನೆಯಲ್ಲಿ ಬಿಡುವು ಎಂಬುದು ಎಂದೂ ಆಗುವುದಿಲ್ಲ. ವಾರಕ್ಕೆ ನಾಲ್ಕು ದಿನ, 11ರಿಂದ 1 ಎಂದು ಗೊತ್ತುಮಾಡಿ, ಕುಕ್ಕರ್ ಇಳಿಸಿದ ಮೇಲೆ. ಅತ್ತೆಯವರಿಗೆ ಒಂದೇ ಮಾತು: 'ಅತ್ತೆ, ಒಂದು ಗಂಟೆವರೆಗೆ ಮೆಷಿನ್ ಹತ್ರ ಇರ್ತೀನಿ, ಆಮೇಲೆ ಊಟಕ್ಕೆ ಹಾಕ್ತೀನಿ.' ಅಪ್ಪಣೆ ಕೇಳುವ ಧಾಟಿ ಬೇಡ, ಸವಾಲಿನ ಧಾಟಿಯೂ ಬೇಡ. ಮೊದಲ ತಿಂಗಳು ಸೀರೆ ಫಾಲ್ ಮತ್ತು ಕುಚ್ಚು ಸಾಕು. ಕುಚ್ಚನ್ನು ಹಾಲ್‌ನಲ್ಲಿ ಅತ್ತೆಯವರ ಪಕ್ಕ ಕೂತೇ ಕಟ್ಟಬಹುದು. ಎಳೆಯುವ ಎರಡು ಕಡೆಗೂ ಅಷ್ಟು ಹೊತ್ತು ಸಮಾಧಾನ. ಎರಡನೇ ತಿಂಗಳು ಬ್ಲೌಸ್, ವಾರಕ್ಕೆ ಎರಡು ಮಾತ್ರ. ಇಲ್ಲಿ ಹೆಚ್ಚಿನವರು ಎಡವುವುದು ಮದುವೆ ಸೀಸನ್‌ನಲ್ಲಿ. ಬೇಡ ಎನ್ನಲಾಗದೆ ಹತ್ತು ಬ್ಲೌಸ್ ಒಪ್ಪಿಕೊಂಡು, ರಾತ್ರಿ ಒಂದಕ್ಕೆ ಹೊಲಿದು, ಅಳತೆ ತಪ್ಪಿ, ಪರಿಚಯದವರ ಎದುರು ಮುಖ ಸಣ್ಣದಾಗಿ, ಮೆಷಿನ್‌ಗೆ ಮತ್ತೆ ಬಟ್ಟೆ ಮುಚ್ಚುತ್ತಾರೆ. ಬಂದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕಿ, ದಾರ–ಲೈನಿಂಗ್ ಖರ್ಚನ್ನು ಅದರಿಂದಲೇ ತೆಗೆಯಿರಿ. ಮನೆಖರ್ಚಿನಲ್ಲಿ ಬೆರೆತುಹೋದರೆ ಮೂರು ತಿಂಗಳ ನಂತರ ದುಡಿದದ್ದೇ ಕಾಣುವುದಿಲ್ಲ.

ಪ್ರಶ್ನೆ: ಮಗ ಎರಡನೇ ಪಿಯು. ಟೆಸ್ಟಿನಲ್ಲಿ 90 ದಾಟಿದರೆ ಸಾವಿರ ರೂಪಾಯಿ ಎಂದಿದ್ದೆ. ಮೊದಲೆರಡು ಸಲ ಚೆನ್ನಾಗಿ ಓದಿದ. ಈಗ 'ಎರಡು ಸಾವಿರ ಕೊಡ್ತೀರಾ?' ಎಂದು ಕೇಳುತ್ತಾನೆ. ಅವನಲ್ಲಿ ಓದಿನ ಮೌಲ್ಯ ಬೆಳೆಸುವುದು ಹೇಗೆ?
– ಹಾಸನ

ಉತ್ತರ: ಚೌಕಾಸಿಯನ್ನು ಅವನು ಅಪ್ಪನಿಂದಲೇ ಕಲಿತ, ಬೈಯುವ ಹಾಗಿಲ್ಲ! 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟಿನತ್ತ ಒಲವು ಕಳೆದುಕೊಂಡದ್ದು ಕಂಡಿತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ನೋಡಿದರು. 'ಬಿಡಿಸಿದರೆ ಪ್ರಶಸ್ತಿಪತ್ರ' ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಕೆಲವು ದಿನದ ನಂತರ ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಈ ಇಳಿತ ಇರಲಿಲ್ಲ. ಕೆಡಿಸಿದ್ದು ಬಹುಮಾನಕ್ಕಿಂತ ಮುಂಚಿನ ಕರಾರು.

ಹಾಗಾಗಿ ಅವನಿಗೆ ಮೊದಲಿನಿಂದ ಇಷ್ಟವಿದ್ದ ವಿಷಯಕ್ಕೆ ದುಡ್ಡಿನ ಮಾತು ಇವತ್ತೇ ನಿಲ್ಲಲಿ. ಇಷ್ಟವೇ ಇಲ್ಲದ ವಿಷಯದಲ್ಲಿ ಕೆಡಲು ಒಲವೇ ಇಲ್ಲ, ಅಲ್ಲಿ ಸಣ್ಣ ಬಹುಮಾನದಿಂದ ಅಷ್ಟೇನೂ ನಷ್ಟವಿಲ್ಲ. ಈಗಾಗಲೇ ಒಪ್ಪಿದ ಟೆಸ್ಟಿನ ದುಡ್ಡನ್ನು ಕೊಟ್ಟೇ ನಿಲ್ಲಿಸಿ. ಮಾತಿಗೆ ತಪ್ಪಿದ ಅಪ್ಪ ಮೌಲ್ಯದ ಬಗ್ಗೆ ಏನು ಹೇಳಿದರೂ ನಡೆಯುವುದಿಲ್ಲ.

ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತವನ್ನು ಮನೆಮಾತಿಗೆ ಇಳಿಸಿದರೆ ಓದಿಸುವ ಶಕ್ತಿಗಳು ನಾಲ್ಕು: ಆಸೆ–ಭಯ, ಮಾನ–ಮರ್ಯಾದೆ, ಒಪ್ಪಿಗೆ, ಖುಷಿ. ಸಾವಿರ ರೂಪಾಯಿ ಮೊದಲನೆಯದು. 'ಜನ ಏನಂತಾರೆ' ಎರಡನೆಯದು. ಇದು ಓದಿಸುತ್ತದೆ, ಆದರೆ ಹೊಟ್ಟೆಯಲ್ಲಿ ಸಂಕಟವನ್ನೂ ಇಟ್ಟಿರುತ್ತದೆ. ಎಲ್ಲ ವಿಷಯದಲ್ಲೂ ನಾಲ್ಕನೆಯದು ಹುಟ್ಟಲಿ ಎನ್ನುವುದು ದುರಾಸೆ. ನಿಮ್ಮ ಕೈಲಾಗುವುದು ಮೂರನೆಯದು: 'ಬೇಜಾರು ಹೌದು, ಆದರೆ ನನಗೆ ಬೇಕಾದದ್ದಕ್ಕೆ ಇದು ದಾರಿ' ಎಂದು ಅವನೇ ಒಪ್ಪುವುದು. 'ಏನಾಗ್ತೀಯೋ ಮುಂದೆ?' ಎಂದು ಕೇಳಬೇಡಿ; 'ಈ ವರ್ಷ ಯಾವ ಕ್ಲಾಸಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ?' ಎಂದು ಕೇಳಿ. ಬೇಜಾರನ್ನು ಅಲ್ಲಗಳೆಯಬೇಡಿ: 'ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಬಾಯಿಪಾಠ ಬೋರು, ಗೊತ್ತು ಕಣೋ.' ಆಯ್ಕೆಯನ್ನು ಬಿಟ್ಟುಕೊಡಿ: ಯಾವ ವಿಷಯ ಮೊದಲು, ಎಷ್ಟು ಹೊತ್ತಿಗೆ, ಮನೆಯಲ್ಲೋ ಲೈಬ್ರರಿಯಲ್ಲೋ. ಕಾಲು ಗಂಟೆಯಲ್ಲಿ ಮಾತು ಮುಗಿಸಿ ಎದ್ದುಬಿಡಿ, ಉಪದೇಶ ಶುರುವಾಗುವುದು ಹದಿನಾರನೇ ನಿಮಿಷಕ್ಕೆ. ನಿಮ್ಮ ಮೌಲ್ಯದ ಚೀಟಿಗಳನ್ನು ಅವನ ಕೈಗೆ ಕೊಡಬೇಡಿ.

ಪ್ರಶ್ನೆ: ವಯಸ್ಸು 54, ಶುಗರ್ ಇದೆ. ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಆರೋಗ್ಯ ನನಗೆ ಮುಖ್ಯವೇ. ಆದರೂ ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ. 21 ದಿನ ಮಾಡಿದರೆ ಅಭ್ಯಾಸವಾಗುತ್ತದಂತೆ, ನಿಜವೇ?
– ಮೈಸೂರು

ಉತ್ತರ: 21ಕ್ಕೆ ಗಟ್ಟಿ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ದಿನದ ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು 18ರಿಂದ 254 ದಿನ, ಮಧ್ಯದ ಅಂಕಿ 66. ಒಂದು ಲೋಟ ನೀರು ಕುಡಿಯುವುದಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ ಎಂಬುದು ನಿಮಗೆ ಬೇಕಾದ ಸಂಗತಿ. 22ನೇ ದಿನವೂ ಏಳಲು ಕಷ್ಟವಾದರೆ ನಿಮ್ಮಲ್ಲಿ ದೋಷವಿದೆ ಎಂದಲ್ಲ.

'ಆರೋಗ್ಯ ಮುಖ್ಯ' ಎಂಬ ಮಾತು ಬೆಳಗಿನ ಐದೂವರೆಗೆ ಯಾರನ್ನೂ ಎಬ್ಬಿಸಿಲ್ಲ. ಆರೋಗ್ಯವಿದ್ದರೆ ಏನು ಮಾಡುತ್ತೀರಿ? ಮೊಮ್ಮಗುವಿನ ಹಿಂದೆ ಓಡುವುದೋ, ಯಾರ ಆಸರೆಯೂ ಇಲ್ಲದೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದೋ? ಅದನ್ನು ಬರೆದುಕೊಳ್ಳಿ. ಆಮೇಲೆ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಪರೀಕ್ಷಿಸುತ್ತ ಬಂದ 'ಹೀಗಾದಾಗ ಹೀಗೆ' ಸೂತ್ರ: 'ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಶೂ ಹಾಕಿಕೊಂಡು ಅರಳಿಕಟ್ಟೆವರೆಗೆ ಹೋಗಿ ಬರುತ್ತೇನೆ.' ಗಡಿಯಾರಕ್ಕಿಂತ ದಿನಾ ನಡೆದೇ ನಡೆಯುವ ಒಂದು ಕೆಲಸಕ್ಕೆ ಗಂಟುಹಾಕಿದರೆ ಹಿಡಿತ ಗಟ್ಟಿ. ಎರಡನೇ ಸೂತ್ರ ಅಡ್ಡಿಗೆ: 'ಮಳೆ ಬಂದರೆ ಹಾಲ್‌ನಲ್ಲೇ 10 ನಿಮಿಷ ಓಡಾಡುತ್ತೇನೆ.' ಮೊದಲೆರಡು ವಾರ 10 ನಿಮಿಷ ದಾಟಬೇಡಿ, ಆಮೇಲೆ ವಾರಕ್ಕೆ 5 ನಿಮಿಷ ಸೇರಿಸಿ. ತಪ್ಪಿದ ಮರುದಿನ ಹೆಚ್ಚು ನಡೆದು ಸರಿದೂಗಿಸಲು ಹೋಗಬೇಡಿ. ಮಂಡಿ ನೋವು ಬಂದು ಮತ್ತೊಂದು ವಾರ ನಿಲ್ಲುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ.

ಪ್ರಶ್ನೆ: ಚೀಟಿ, ಪಟ್ಟಿ ಎಲ್ಲ ಮಾಡಿದೆ. ಯಾವುದೂ ಮುಖ್ಯ ಅನ್ನಿಸುತ್ತಿಲ್ಲ. ಮೊದಲು ಇಷ್ಟವಿದ್ದ ಹಾಡು, ಅಡುಗೆ ಕೂಡ ಬೇಡ. ಒಂದೂವರೆ ತಿಂಗಳಿಂದ ನಸುಕಿಗೆ ಮೂರಕ್ಕೇ ಎಚ್ಚರ.
– ಊರು ಬೇಡ

ಉತ್ತರ: ಚೀಟಿಗಳನ್ನು ಎತ್ತಿಡಿ, ಇದು ಅವುಗಳ ಹೊತ್ತಲ್ಲ. ಇಷ್ಟದ್ದೂ ಬೇಡವಾಗುವುದು, ನಸುಕಿಗೇ ಎಚ್ಚರವಾಗುವುದು ಎರಡು ವಾರಕ್ಕಿಂತ ಹೆಚ್ಚು ದಿನ ಉಳಿದರೆ ಖಿನ್ನತೆ ಇರಬಹುದು, ವೈದ್ಯರು ನೋಡಬೇಕು. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಕೂಡ ಹೀಗೆ ಕಾಡಬಹುದು, ಅವನ್ನು ಪತ್ತೆಮಾಡಲು ರಕ್ತಪರೀಕ್ಷೆ ಸಾಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಇವತ್ತೇ ಕರೆಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮನಸ್ಸಾದ ಮೇಲೆ ಮಾಡುತ್ತೇನೆ ಎಂದು ಕಾಯದೆ ದಿನಕ್ಕೊಂದು ಚಿಕ್ಕ ಕೆಲಸ ಮಾಡಿ: ಹಗಲು ಬೆಳಕಿನಲ್ಲಿ ಐದು ನಿಮಿಷ ಹೊರಗೆ ನಿಲ್ಲುವುದಾದರೂ ಸರಿ. ಹೀಗಿರುವಾಗ ಕೆಲಸ ಮೊದಲು ನಡೆಯಬೇಕು, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ.

ಪ್ರಶ್ನೆ: ಒಮ್ಮೆ ಆರಿಸಿದ ಮೌಲ್ಯ ಕೊನೆವರೆಗೂ ಅದೇನಾ?
– ಉಡುಪಿ

ಉತ್ತರ: ಇಲ್ಲ. ಮದುವೆ, ಮಗು, ಊರು ಬಿಡುವುದು, ನಿವೃತ್ತಿ, ಹತ್ತಿರದವರ ಸಾವು ಇವಾದ ಮೇಲೆ ಗುಡ್ಡೆಗಳು ಅದಲುಬದಲಾಗುತ್ತವೆ. ವರ್ಷಕ್ಕೊಮ್ಮೆ ಆಡಿದರೆ ಸಾಕು, ತಿಂಗಳಿಗೊಮ್ಮೆ ಆಡುವವರು ಮಾಡಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳುತ್ತಿರುತ್ತಾರೆ. ಈ ಸಲದ ಮೂರು ಚೀಟಿಗಳನ್ನು ತಾರೀಖು ಬರೆದು ಲಕೋಟೆಯಲ್ಲಿ ಹಾಕಿಡಿ. ಮುಂದಿನ ಸಲ ಹೊಸದಾಗಿ ಆರಿಸಿ ಮುಗಿಯುವವರೆಗೆ ಅದನ್ನು ತೆರೆಯಬೇಡಿ.